ಬೆನ್ನಿಗೊಂದು ಚೀಲ, ಹರಿಹರಕ್ಕೊಂದು ದಾರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಿಂದ ನೀವು ಕೇಳುವುದು ಬೇಡ. ಶನಿವಾರ ಭಾನುವಾರ ನಡೆದುಬರಲು ಒಳ್ಳೆಯ ದಾರಿ ಯಾವುದೆಂದು ಆರಿಸುವ ಸಭೆಯಲ್ಲಿ ಕೂತು, ದುರ್ಗ ಬೇಡ, ಕೆರೆ ಬೇಡ, ಹಳ್ಳಿ ಬೇಡ ಎಂದು ಮೂವರು ಸಂಭಾವಿತರ ತಲೆ ಕೆಡಿಸಿ, ಕೊನೆಗೆ ಹರಿಹರದ ಒಂದು ಮಾಮೂಲಿ ಬೀದಿಯ, ನೀಲಿ ಬಾಗಿಲಿನ ಒಂದು ಮನೆಯ ಮುಂದಕ್ಕೆ ಅವರಲ್ಲಿಬ್ಬರನ್ನು ನಡೆಸಿಕೊಂಡು ಹೋದ ಮೂರ್ಖ ನಾನೇ. ಅಲ್ಲಿಗೆ ಮುಟ್ಟುವ ತನಕ ಆ ಮೂವರೂ ಹೊಳೆಯ ಗಾಳಿಗಾಗಿ ಹೊರಟಿದ್ದೇವೆಂದೇ ನಂಬಿದ್ದರು, ಪಾಪ. ಒಳ್ಳೆಯ ಜನರ ಜೊತೆ ಸ್ನೇಹ ಮಾಡುವುದರಲ್ಲಿ ಇದೊಂದು ಅನುಕೂಲವಿದೆ. ಅವರನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಬಹುದು, ದಾರಿಯುದ್ದಕ್ಕೂ ಅವರು ಮರ ಗಿಡ ನೋಡುತ್ತ ಬರುತ್ತಾರೆ.

ನನಗೊಂದು ಕಾಯಿಲೆ ಇದೆ. ಯಾರನ್ನಾದರೂ ಸ್ವಲ್ಪ ಹೊತ್ತು ನೋಡಿದರೆ ಸಾಕು, ಅವರು ನನ್ನ ಗಂಟಲೊಳಗೆ ಬಂದು ಕೂತುಬಿಡುತ್ತಾರೆ. ದಾವಣಗೆರೆಯ ಮಂಡಿಪೇಟೆಯಲ್ಲಿ ಕೊಟ್ರಪ್ಪ ಸಾವ್ಕಾರರ ಹತ್ತಿ ಅಂಗಡಿಯಲ್ಲಿ ನಾನು, ಚಂದ್ರು, ಗುಮಾಸ್ತ. ಸಂಬಳ ಕೊಡುವ ಧಣಿ ಎಂಬ ಗೌರವ ಇದ್ದೇ ಇದೆ. ಆದರೆ ಅವರು ಟೆಲಿಫೋನಿನಲ್ಲಿ ಮಾತಾಡುವುದನ್ನು ಕಂಡ ಮೇಲೆ ಆ ಗೌರವವನ್ನು ಮುಖದ ಮೇಲೆ ನಿಲ್ಲಿಸಿಕೊಳ್ಳುವುದು ಕಷ್ಟ. ಹುಬ್ಬಳ್ಳಿ ದೂರ, ಆದ್ದರಿಂದ ಕೂಗಬೇಕು. ಮುಂಬಯಿ ಇನ್ನೂ ದೂರ, ಆದ್ದರಿಂದ ಎದ್ದು ನಿಂತು ಕೂಗಬೇಕು ಎಂಬುದು ಅವರ ಲೆಕ್ಕ. ಹರಿಹರವಾದರೆ, ಇಲ್ಲೇ ಪಕ್ಕದಲ್ಲಿದೆಯೆಂದು, ಪಿಸುಗುಟ್ಟುತ್ತಾರೆ. ಅಂಗಡಿ ಮುಂದೆ ಹತ್ತಿಯ ದೊಡ್ಡ ಮೂಟೆಗಳಾದ ಅಂಡಿಗೆ ಹೊರುವ ಹಮಾಲರ ನಡಿಗೆಯಂತೂ ನನ್ನ ಕಾಲಿಗೇ ಬಂದುಬಿಟ್ಟಿದೆ: ಮೊಣಕಾಲು ಕೊಂಚ ಮಡಚಿ, ಕತ್ತನ್ನು ಆಮೆಯಂತೆ ಮುಂದೆ ಚಾಚಿ, ಹೆಜ್ಜೆಗೊಮ್ಮೆ ‘ಹಂ’ ಎನ್ನುತ್ತ. ಈ ನಡಿಗೆಯನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ. ನನ್ನನ್ನೂ ನಾನು ಬಿಟ್ಟಿಲ್ಲ. ಸೈಕಲ್ಲಿನ ಮೇಲೆ ಎದೆ ಉಬ್ಬಿಸಿ ಹೊರಟು, ಏರು ಬಂದ ಕೂಡಲೇ ಇಳಿದು, ಚೈನು ಕೆಟ್ಟವನಂತೆ ಬಗ್ಗಿ ಬಗ್ಗಿ ನೋಡುತ್ತ ತಳ್ಳಿಕೊಂಡು ಹೋಗುವ ಬಡಕಲು ಗುಮಾಸ್ತನೊಬ್ಬನನ್ನು ನಾನು ಬಹಳ ಚೆನ್ನಾಗಿ ಮಾಡಿ ತೋರಿಸುತ್ತೇನೆ. ಜನ ಬಿದ್ದು ಬಿದ್ದು ನಗುತ್ತಾರೆ. ಅವನನ್ನು ಅವರು ದಿನಾ ನೋಡುತ್ತಿರುತ್ತಾರಲ್ಲ.

ಆ ವರ್ಷ ದಸರೆ ಮುಗಿದ ಹೊತ್ತಿಗೆ ಅವ್ವ ನನ್ನನ್ನು ಹರಿಹರಕ್ಕೆ ಹೆಣ್ಣು ನೋಡಲು ಕರೆದುಕೊಂಡು ಹೋದಳು. ಮುರಿಗೆಪ್ಪನವರ ಮಗಳು ಗಿರಿಜಾ. ಬಸ್ಸಿನಲ್ಲಿ ಅವ್ವ ನನಗೆ ಒಂದೇ ಪಾಠ ಹೇಳಿದ್ದು: “ಬಾಯಿ ಮುಚ್ಕೊಂಡು ಕೂಡು. ಕೇಳಿದ್ದಕ್ಕೆ ಹೂಂ ಅನ್ನು, ಕೇಳದಿದ್ರೆ ಅದೂ ಬ್ಯಾಡ.” ಅವರ ಮನೆಯಲ್ಲಿ ನಾನು ಕಂಬಕ್ಕೆ ಒರಗಿ ಇನ್ನೊಂದು ಕಂಬದಂತೆ ಕೂತೆ. ಹುಡುಗಿ ಉಪ್ಪಿಟ್ಟಿನ ತಟ್ಟೆ ಇಟ್ಟು, ತಲೆ ಎತ್ತಿ, ನೇರವಾಗಿ ನನ್ನ ಮುಖ ನೋಡಿದಳು. ಹಾಗೆ ನೋಡಬಾರದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲವೋ, ಹೇಳಿಕೊಟ್ಟಿದ್ದನ್ನು ಅವಳು ಕೇಳಿರಲಿಲ್ಲವೋ ತಿಳಿಯದು. ನನ್ನ ಉಪ್ಪಿಟ್ಟು ಗಂಟಲಲ್ಲಿ ನಿಂತದ್ದು, ಮದುವೆಯಾದರೆ ಇವಳನ್ನೇ ಎಂದು ತೀರ್ಮಾನವಾದ ಮೇಲೆ ಕೆಳಗಿಳಿಯಿತು.

ಎಲ್ಲ ಸುಸೂತ್ರವಾಗಿಯೇ ಮುಗಿದಿತ್ತು. ಆದರೆ ಮುರಿಗೆಪ್ಪನವರಿಗೆ ಒಂದು ಕೆಮ್ಮಿದೆ. ಕಾಯಿಲೆಯ ಕೆಮ್ಮಲ್ಲ, ತೀರ್ಪಿನ ಕೆಮ್ಮು. ಏನಾದರೂ ಹೇಳುವ ಮೊದಲು ‘ಅಹ್ಹಾ... ಹ್ಹುಂ’ ಎಂದು ಎರಡು ತುಂಡಾಗಿ ಕೆಮ್ಮುತ್ತಾರೆ. ಮೊದಲ ತುಂಡು ಅಟ್ಟಕ್ಕೆ ಏರುತ್ತದೆ, ಎರಡನೆಯದು ಗದ್ದುಗೆಯ ಮೇಲೆ ಕೂರುತ್ತದೆ. ಅಷ್ಟು ಹೊತ್ತು ಆ ಕೆಮ್ಮನ್ನು ಕೇಳಿಸಿಕೊಂಡು ಕಂಬವಾಗಿ ಕೂತಿದ್ದ ನನ್ನ ಪಾಡನ್ನು ನೀವೇ ಯೋಚಿಸಿ. ಬಸ್‌ಸ್ಟ್ಯಾಂಡಿಗೆ ಬಂದದ್ದೇ ತಡ, “ಅವ್ವಾ, ನೋಡಿಲ್ಲಿ” ಎಂದು ಎದೆಯ ಮೇಲೆ ಕೈಯಿಟ್ಟು ‘ಅಹ್ಹಾ... ಹ್ಹುಂ’ ಎಂದೆ. ಬಹಳ ಚೆನ್ನಾಗಿ ಬಂತು. ಅವ್ವ ನಗಲಿಲ್ಲ. ಅವಳು ನನ್ನ ಹಿಂದೆ ಯಾರನ್ನೋ ನೋಡುತ್ತಿದ್ದಳು. ತಿರುಗಿದರೆ ಮುರಿಗೆಪ್ಪನವರು. ನಾನು ಮರೆತು ಬಂದಿದ್ದ ಛತ್ರಿಯನ್ನು ಕೊಡಲು ಆ ಬಿಸಿಲಲ್ಲಿ ನಡೆದು ಬಂದಿದ್ದರು. “ಛತ್ರಿ” ಎಂದರು. ಕೊಟ್ಟರು. ಹೋದರು.

ವಾರದಲ್ಲಿ ಅವರ ಮಾತು ಸಂಬಂಧ ತಂದವರ ಮೂಲಕ ನಮ್ಮ ಮನೆಗೆ ಮುಟ್ಟಿತು: “ಹುಡುಗ ಚೆಂದ ನಗಸ್ತಾನೆ. ನಾಕು ಜನ ಕೂಡಿದಲ್ಲಿ ಬೇಕಾದವ್ನೇ. ಆದರೆ ಸಂಸಾರ ಅಂದ್ರೆ ಭಾರ ಐತೆ. ಅದನ್ನ ಹೊರ್ತಾನಾ?” ರಾಣೆಬೆನ್ನೂರಿನ ಅಕ್ಕಿ ಗಿರಣಿಯವರ ಹುಡುಗನೊಬ್ಬ ಇದ್ದಾನಂತೆ, ಗಟ್ಟಿ ಆಳಂತೆ, ನಗುವುದೇ ಇಲ್ಲವಂತೆ. ದೀಪಾವಳಿಯೊಳಗೆ ಒಂದು ತೀರ್ಮಾನ ಮಾಡುತ್ತಾರಂತೆ. ಅವ್ವ ರೊಟ್ಟಿ ಬಡಿಯುತ್ತ, “ಛತ್ರಿ ಮರೆತು ಬಂದಿದ್ದಕ್ಕೆ ಸಿಟ್ಟಿಲ್ಲ ನನಗೆ. ಅವರ ಕೆಮ್ಮು ಮರೆತು ಬರಲಿಲ್ಲಲ್ಲ, ಅದಕ್ಕೆ ಹೊಡೀಬೇಕು ನಿನ್ನ” ಎಂದಳು. ಎರಡೂ ಕೈಯಲ್ಲಿ ಹಿಟ್ಟಿತ್ತು, ಬದುಕಿದೆ.

ಇಂಥ ಸಂಕಟದ ಹೊತ್ತಿನಲ್ಲಿ ಹಾಲಪ್ಪ ಮೇಷ್ಟ್ರು ಸ್ಕೌಟು ತರಬೇತಿ ಮುಗಿಸಿಕೊಂಡು ಊರಿಗೆ ಬಂದರು. ಹೋಗುವಾಗ ಬರಿಗೊರಳಲ್ಲಿ ಹೋದವರು ಬರುವಾಗ ಕೊರಳಲ್ಲಿ ಒಂದು ಸೀಟಿ, ಬಾಯಲ್ಲಿ ‘ಹೈಕು’ ಎಂಬ ಒಂದು ಇಂಗ್ಲಿಷ್ ಪದ ಇಟ್ಟುಕೊಂಡು ಬಂದಿದ್ದರು. ಸಂಜೆ ಹೊತ್ತು ನಮ್ಮ ಅಂಗಡಿ ಮುಂದಿನ ಅಂಡಿಗೆಗಳ ಮೇಲೆ ಕೂತು ಹರಟುವವರು ನಾವು ನಾಲ್ವರು: ಸಾವ್ಕಾರರು, ಮೇಷ್ಟ್ರು, ಎದುರಿಗೆ ಲಾರಿಗಳಿಗೆ ತಾಡಪಾಲು ಹೊಲಿಯುವ ಅಂಗಡಿ ಇಟ್ಟಿರುವ ಖಾದರ್, ಮತ್ತೆ ನಾನು. ಮೇಷ್ಟ್ರು ಎದ್ದು ನಿಂತು, ತರಗತಿಯಲ್ಲಿ ನಿಂತಂತೆ, ವಿವರಿಸಿದರು. ಊಟ, ಹಾಸಿಗೆ, ಪಾತ್ರೆ ಎಲ್ಲವನ್ನೂ ಚೀಲದಲ್ಲಿ ತುಂಬಿ ಬೆನ್ನಿಗೆ ಕಟ್ಟಿಕೊಂಡು, ಒಂದು ರಾತ್ರಿ ಎಲ್ಲಾದರೂ ತಂಗಿ, ಎರಡು ದಿನ ನಡೆಯುವುದು.

“ಅದನ್ನ ನಮ್ಮಲ್ಲಿ ಹಮಾಲಿ ಅಂತಾರೆ” ಎಂದರು ಸಾವ್ಕಾರರು. “ಕೂಲಿ ಯಾರು ಕೊಡ್ತಾರೆ?”

“ಕೂಲಿ ಇಲ್ಲ ಸಾವ್ಕಾರ್ರೇ, ಸಂತೋಷಕ್ಕೆ ನಡೆಯೋದು.”

“ಸಂತೋಷ ಆದೋರು ಕೂಡ್ತಾರೆ ಕಣ್ರಿ ಮೇಷ್ಟ್ರೇ, ನಡೆಯೋದು ಯಾಕ?”

ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮೇಷ್ಟ್ರ ಬಾಯಿಂದ ‘ಬೆನ್ನ ಮೇಲೆ ಭಾರ’ ಎಂಬ ಮಾತು ಬಂದ ಕೂಡಲೇ ನನ್ನ ತಲೆಯಲ್ಲಿ ಹರಿಹರದ ಗುಡಿಯ ಗಂಟೆ ಬಾರಿಸಿತ್ತು. ಭಾರ! ಮುರಿಗೆಪ್ಪನವರು ಜಗಲಿಯ ಮೇಲೆ ಕೂತಿರುತ್ತಾರೆ. ನಾನು ಬೆನ್ನ ಮೇಲೆ ಬೆಟ್ಟದಂಥ ಚೀಲ ಹೊತ್ತು, ಬೆವರು ಸುರಿಸುತ್ತ, ಹಲ್ಲು ಕಚ್ಚಿ, ಆ ಕಡೆ ಈ ಕಡೆ ನೋಡದೆ, ಅವರ ಮನೆಯ ಮುಂದೆ ಹಾದುಹೋಗುತ್ತೇನೆ. ಕಿಟಕಿಯಲ್ಲಿ ಒಂದು ಮುಖ. ಜಗಲಿಯಿಂದ ಒಂದು ಕೆಮ್ಮು. ರಾಣೆಬೆನ್ನೂರಿನ ಗಿರಣಿ ಅಲ್ಲಿಗೆ ನಿಂತುಹೋಗುತ್ತದೆ. “ಸಾವ್ಕಾರ್ರೇ, ಡಾಕ್ಟ್ರು ನಿಮಗೆ ನಡೀರಿ ಅಂದಾರಲ್ಲ” ಎಂದು ನೆನಪಿಸಿದೆ. ಸಕ್ಕರೆ ಕಾಯಿಲೆಗೆ ನಡಿಗೆಯೇ ಮದ್ದು ಎಂದು ಡಾಕ್ಟರು ಹೇಳಿದ್ದರು. ಸಾವ್ಕಾರರು ಅಂದಿನಿಂದ ಅಂಗಡಿಯೊಳಗೇ ಗದ್ದಿಗೆಯಿಂದ ಟೆಲಿಫೋನಿನ ತನಕ ನಡೆಯುತ್ತಿದ್ದರು. ಮನೆಯವರ ಬಾಯಿ ಮುಚ್ಚಿಸಲು ಇದೇ ಒಳ್ಳೆಯ ದಾರಿ ಎಂದು ಅವರಿಗೂ ಹೊಳೆದಿರಬೇಕು. “ಆತು ತಗೋ, ಜೀಪು ಐತೆ. ಎಲ್ಲಿಗೆ ಅಂತ ಹೇಳ್ರಿ” ಎಂದರು. ಮಿಲಿಟರಿ ಹರಾಜಿನಲ್ಲಿ ಹಿಡಿದ ಜೀಪು ಅದು. ಮುಂಜಾನೆ ಹೊರಟರೆ ಬಿಸಿಲೇರುವುದರೊಳಗೆ ತಾನೇ ಬಿಸಿಯಾಗಿ ನಿಂತುಬಿಡುತ್ತಿತ್ತು. ಆದ್ದರಿಂದ ಅದು ನಿಲ್ಲುವುದರೊಳಗೆ ಮುಟ್ಟುವಂಥ ಜಾಗವೇ ಆಗಬೇಕು, ಅಲ್ಲಿಂದ ಮುಂದೆ ನಡಿಗೆ, ಎಂದು ಮೊದಲ ಠರಾವು ಪಾಸಾಯಿತು.

ಎರಡನೆಯ ಠರಾವು ಮಾತ್ರ ಪಾಸಾಗಲಿಲ್ಲ. ಮೇಷ್ಟ್ರು ಉಚ್ಚಂಗಿದುರ್ಗ ಎಂದರು. ಕೋಟೆ, ಇತಿಹಾಸ, ಮೆಟ್ಟಿಲು, ಮೇಲಿಂದ ಕಾಣುವ ಹತ್ತೂರು. ಸಾವ್ಕಾರರು ಸೂಳೆಕೆರೆ ಎಂದರು. ನೀರು, ಗಾಳಿ, ಮರದ ನೆರಳು, ಮತ್ತೆ ಅಲ್ಲೇ ಮಗ್ಗುಲಿಗೆ ಅವರು ಮಗಳನ್ನು ಕೊಟ್ಟ ಬೀಗರ ಊರು, ಹೋಳಿಗೆಗೆ ಮೋಸವಿಲ್ಲ. ಖಾದರ್ ಹದಡಿ ಎಂದ. ಯಾಕೆಂದು ಕೇಳಿದರೆ “ಸಾದಾ ದಾರಿ ಭಾಯ್, ಸೀದಾ ದಾರಿ” ಎಂದು ಹಾರಿಸಿದ. ಅಸಲು ಸಂಗತಿ ನನಗೆ ಗೊತ್ತಿತ್ತು. ಬೆನ್ನಿನ ಚೀಲಗಳನ್ನು ತಾಡಪಾಲಿನಲ್ಲಿ ಹೊಲಿಯುವವನು ಅವನೇ. ಹದಡಿಯ ರೈತರು ಆ ಚೀಲಗಳನ್ನು ಕಂಡರೆ ಬಂಡಿ ಮುಚ್ಚುವ ತಾಡಪಾಲಿಗೆ ಇವನ ಹತ್ತಿರವೇ ಬರುತ್ತಾರೆ. ಅಂದರೆ ನಾವು ಮೂವರೂ ಅವನ ಅಂಗಡಿಯ ಬೋರ್ಡು ಹೊತ್ತು ನಡೆಯಬೇಕು. ನೋಡಿದಿರಾ, ಪ್ರಕೃತಿಯ ಮಡಿಲಿಗೆ ಹೊರಟ ನಾಲ್ವರಲ್ಲಿ ಪ್ರಕೃತಿಗಾಗಿ ಹೊರಟವರು ಮೇಷ್ಟ್ರೊಬ್ಬರೇ. ಅವರಿಗೂ ಆ ಸೀಟಿ ಊದಲು ಎತ್ತರದ ಒಂದು ಜಾಗ ಬೇಕಿತ್ತು ಎಂದು ನನ್ನ ಗುಮಾನಿ.

ವಾದ ಮಾಡಿ ಗೆಲ್ಲುವ ಶಕ್ತಿ ನನಗಿಲ್ಲ. ನನಗಿರುವುದು ಗಂಟಲು ಮತ್ತು ಕಾಲು. ಮೊದಲ ಸಂಜೆ ಉಚ್ಚಂಗಿದುರ್ಗ ಹತ್ತಿಸಿದೆ. ಅಂಗಡಿಯ ಕಟ್ಟೆಯ ಮೆಟ್ಟಿಲನ್ನೇ ದುರ್ಗದ ಮೆಟ್ಟಿಲು ಮಾಡಿಕೊಂಡು, ಹೊಟ್ಟೆ ಮುಂದೆ ಮಾಡಿ, ಪಂಚೆ ಎತ್ತಿ ಹಿಡಿದು, ಸಾವ್ಕಾರರಾಗಿ ಏರತೊಡಗಿದೆ. ಒಂದು ಮೆಟ್ಟಿಲಿಗೆ “ಶಿವಾ”, ಇನ್ನೊಂದಕ್ಕೆ “ಶಂಕರಾ”, ಮತ್ತೊಂದಕ್ಕೆ ಕುಸಿದು ಕೂತು “ಲೇ ಚಂದ್ರೂ, ಗುಡಿ ಕೆಳಗೆ ಕಟ್ಟಾಕೆ ಏನಾಗಿತ್ತಲೇ ಇವ್ರಿಗೆ?” ಎಂದೆ. ಹಿಂದೆಯೇ ಮೇಷ್ಟ್ರಾಗಿ ಸೀಟಿ ಊದಿ “ಏಳಿ, ಎದ್ದೇಳಿ, ಇನ್ನು ಸ್ವಲ್ಪವೇ!” ಎಂದೆ. ಸಾವ್ಕಾರರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡ ಮೇಲೆ ಗಂಭೀರವಾಗಿ, “ದುರ್ಗ ಬ್ಯಾಡ್ರಿ ಮೇಷ್ಟ್ರೇ” ಎಂದರು.

ಎರಡನೆಯ ಸಂಜೆ ಸೂಳೆಕೆರೆಯ ಸರದಿ. ನಮ್ಮ ಕಡೆ ಬೀಗರ ಊರಿಗೆ ಹೋಗುವುದೆಂದರೆ ಸಾಮಾನ್ಯವೇ? ಗಾಡಿ ಬೇಕು, ಬುಟ್ಟಿಯಲ್ಲಿ ಹಣ್ಣು ಬೇಕು, ರುಮಾಲಿಗೆ ಗಂಜಿ ಬೇಕು. ಅಂಥಾದ್ದರಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡು ಧೂಳಲ್ಲಿ ನಡೆದು ಹೋದರೆ? ನಾನು ಸಾವ್ಕಾರರ ಬೀಗಿತ್ತಿಯಾದೆ. ಟವೆಲನ್ನೇ ಸೆರಗು ಮಾಡಿಕೊಂಡು, ಗಲ್ಲದ ಮೇಲೆ ಬೆರಳಿಟ್ಟು, “ಅಯ್ಯ ಬೀಗರೇ, ಇದೇನ್ರಿ ಇದು? ಜೀಪು ಮಾರಿದ್ರಾ? ಅಂಗಡಿ ಮುಚ್ಚಿದ್ರಾ? ಮನ್ಯಾಗೆ ಜಗಳ ಆತಾ? ನಮಗೊಂದು ಮಾತು ಹೇಳಬಾರದೇನ್ರಿ, ನಾವೇನು ಹೊರಗಿನೋರಾ?” ಎಂದು ಮೂಗೆಳೆದೆ. ಈ ಸಲ ಸಾವ್ಕಾರರು ನಗಲಿಲ್ಲ. “ಖರೆ ಐತಲೇ” ಎಂದರು. “ಸಂಜೆಯೊಳಗೆ ಊರೆಲ್ಲಾ ಸುದ್ದಿ ಆಗ್ತೈತೆ, ಕೊಟ್ರಪ್ಪ ದಿವಾಳಿ ತಗದ ಅಂತ.” ಕೆರೆ ಅಲ್ಲಿಗೆ ಬತ್ತಿತು. ನಮ್ಮ ಸೀಮೆಯಲ್ಲಿ ಇದೊಂದು ಕಷ್ಟ. ಗತಿಯಿಲ್ಲದವನು ನಡೆಯುತ್ತಾನೆ, ಹರಕೆ ಹೊತ್ತವನು ನಡೆಯುತ್ತಾನೆ, ಬಸ್ಸು ತಪ್ಪಿದವನು ನಡೆಯುತ್ತಾನೆ. ಸುಮ್ಮನೆ ನಡೆಯುವವನನ್ನು ಕೂರಿಸಿ ನೀರು ಕೊಟ್ಟು ಸಮಾಧಾನ ಹೇಳುತ್ತಾರೆ. ಈ ಮಾತನ್ನು ಅಷ್ಟು ಚೆನ್ನಾಗಿ ಬಲ್ಲವನು ನಾನು, ನನ್ನ ಸ್ವಂತ ಯೋಜನೆಯಲ್ಲಿ ಮಾತ್ರ ಮರೆತೆ.

ಹದಡಿಗೆ ಹೆಚ್ಚು ಕಷ್ಟಪಡಬೇಕಾಗಲಿಲ್ಲ. ಹಿಂದಿನ ದಿನ ಮಳೆ ಬಂದಿತ್ತು. ಹದಡಿ ದಾರಿಯ ಅಂಟು ಎರೆ ಮಣ್ಣಿನಲ್ಲಿ ಖಾದರ್ ನಡೆಯುವುದನ್ನು ತೋರಿಸಿದೆ: ಹೆಜ್ಜೆಹೆಜ್ಜೆಗೂ ಚಪ್ಪಲಿಗೆ ಮಣ್ಣು ಅಂಟುತ್ತ, ಮನುಷ್ಯ ಎತ್ತರವಾಗುತ್ತ ಆಗುತ್ತ, ಕೊನೆಗೆ ಮೇಲಿನಿಂದ ಬಗ್ಗಿ, “ಸಾವ್ಕಾರ್ರೇ, ಸಲಾಮ್! ನಿಮ್ಮ ತಲಿ ಮ್ಯಾಲೆ ಬೋಳಾಗೈತ್ರಿ, ಇಲ್ಲಿಂದ ಕಾಣ್ತೈತೆ” ಎಂದು ಕೂಗುವುದು. ಖಾದರ್ ನನ್ನನ್ನು ಕಣ್ಣು ಸಣ್ಣದು ಮಾಡಿ ನೋಡಿದ. “ಎಲ್ಲಾರ ದಾರಿಗೂ ಕಲ್ಲು ಹಾಕಿದೆ. ನಿನ್ನ ದಾರಿ ಯಾವುದು, ಅದನ್ನ ಬೊಗಳು.”

ಕಾಯುತ್ತಿದ್ದ ಗಳಿಗೆ ಅದೇ. ನಾನು ಏನೂ ಅರಿಯದವನಂತೆ ಆಕಾಶ ನೋಡಿ, “ಹರಿಹರ ಹೆಂಗೆ?” ಎಂದೆ. ಹೊನ್ನಾಳಿ ಕಡೆಯ ಒಂದು ಹಳ್ಳಿಯ ತನಕ ಜೀಪು, ಅಲ್ಲಿಂದ ತುಂಗಭದ್ರೆಯ ದಂಡೆಗುಂಟ ನಡಿಗೆ, ನಡುವೆ ಒಂದು ಊರ ಶಾಲೆಯಲ್ಲಿ ರಾತ್ರಿ, ಭಾನುವಾರ ಮುಂಜಾನೆ ಹರಿಹರ. ಮೇಷ್ಟ್ರಿಗೆ ಹೊಳೆ, ಹಕ್ಕಿ, ಹಳೆಯ ಗುಡಿಯ ಕೆತ್ತನೆ. ಖಾದರ್‌ಗೆ ಹರಿಹರದ ಪೇಟೆ, ಹದಡಿಗಿಂತ ಜಾಸ್ತಿ ಕಣ್ಣು. ಸಾವ್ಕಾರರಿಗೆ ಸಮ ನೆಲ. ಜೊತೆಗೆ, “ಹರಿಹರೇಶ್ವರನ ದರ್ಶನಕ್ಕೆ ನಡ್ಕೊಂಡು ಬಂದ್ರು ಅಂದ್ರೆ ದಿವಾಳಿ ಅಂತ ಯಾರಂತಾರೆ ಸಾವ್ಕಾರ್ರೇ? ಭಕ್ತಿ ಅಂತಾರೆ” ಎಂದೆ. ಸಾವ್ಕಾರರು ಅಲ್ಲೇ ಕಣ್ಣು ಮುಚ್ಚಿ ಒಂದು ಸಲ ಕೈ ಮುಗಿದರು. ಠರಾವು ಪಾಸಾಯಿತು.

ಇನ್ನು ಹೊರೆ ಹಂಚಿಕೊಳ್ಳುವ ಕೆಲಸ. ಯಾವ ಸಾಮಾನು ಯಾರ ಚೀಲಕ್ಕೆ ಎಂದು ಮೇಷ್ಟ್ರು ಕೇಳುತ್ತ ಬಂದರು. ಸೀಮೆ‌ಎಣ್ಣೆ ಸ್ಟೋವು, ಬಾಣಲಿ, ಅಕ್ಕಿ, ಬೇಳೆ, ಕಂಬಳಿ. ನಾನು ಎಲ್ಲರಿಗಿಂತ ಮೊದಲೇ ಕೈ ಎತ್ತಿ, “ಮಂಡಕ್ಕಿ ಅಷ್ಟೂ ನನ್ನ ಪಾಲಿಗಿರ್ಲಿ” ಎಂದೆ. ದಾವಣಗೆರೆಯವರು ಮಂಡಕ್ಕಿಯಿಲ್ಲದೆ ಊರ ಗಡಿ ದಾಟುವುದುಂಟೇ? ಎರಡು ದಿನಕ್ಕೆ ನಾಲ್ವರ ಮಂಡಕ್ಕಿ ಎಂದರೆ ರಾಶಿಯೇ ಆಗುತ್ತದೆ. “ಶಭಾಷ್” ಎಂದರು ಮೇಷ್ಟ್ರು, ರಾಶಿಯ ಗಾತ್ರವನ್ನಷ್ಟೇ ನೋಡಿ. ನನ್ನ ಚೀಲವನ್ನು ಎಲ್ಲರದಕ್ಕಿಂತ ದೊಡ್ಡದಾಗಿ ಹೊಲಿಯಬೇಕೆಂದು ಖಾದರ್‌ಗೆ ಗುಟ್ಟಾಗಿ ಹೇಳಿದೆ. “ಇದು ಚೀಲಾನೋ ಡೇರೇನೋ?” ಎಂದು ಬೈದುಕೊಂಡೇ ಹೊಲಿದ. ತುಂಬಿಸಿ ಬೆನ್ನಿಗೇರಿಸಿಕೊಂಡು ಕನ್ನಡಿಯ ಮುಂದೆ ನಿಂತರೆ ಹತ್ತಿಯ ಅಂಡಿಗೆಯೊಂದಕ್ಕೆ ಎರಡು ಕಾಲು ಮೂಡಿದ ಹಾಗಿತ್ತು. ಭಾರ ಮಾತ್ರ ಅವ್ವನ ಹಿತ್ತಾಳೆ ಚೊಂಬಿಗಿಂತ ಕಡಿಮೆ.

ಶನಿವಾರದ ನಡಿಗೆಯನ್ನು ವರ್ಣಿಸಲು ನನ್ನಿಂದಾಗದು, ನಾನು ಹೊಳೆಯನ್ನು ನೋಡಲೇ ಇಲ್ಲ. ಸಾವ್ಕಾರರು ಜೀಪಿನಿಂದಿಳಿದು, ದಂಡೆಯ ಮೊದಲ ಹುಣಸೆ ಮರದ ತನಕ ಭಕ್ತಿಯಿಂದ ನಡೆದು, ಚಪ್ಪಲಿ ಕಚ್ಚುತ್ತದೆಂದು ಹಿಂದಿರುಗಿದರು. “ನೀವು ನಡೀರಿ, ನಾ ನಾಳೆ ಹರಿಹರದಾಗೆ ಗುಡಿ ಹತ್ರ ಕಾದಿರ್ತೀನಿ, ನಾಷ್ಟಾ ಹೇಳಿರ್ತೀನಿ” ಎಂದು ಜೀಪಿನಲ್ಲಿ ಹೋದರು. ಉಳಿದ ಮೂವರಲ್ಲಿ ಸಣ್ಣ ಚೀಲದ ಖಾದರ್ ಸ್ಟೋವು ಬಾಣಲಿಗಳ ಹೊರೆಗೆ ಏದುಸಿರು ಬಿಡುತ್ತಿದ್ದ. ದೊಡ್ಡ ಚೀಲದ ನಾನು ಸಿಳ್ಳೆ ಹಾಕುತ್ತ ಮುಂದೆ ಮುಂದೆ ಹೋಗುತ್ತಿದ್ದೆ. ಮೇಷ್ಟ್ರು ಹಕ್ಕಿಗಳ ಹೆಸರು ಹೇಳುತ್ತಿದ್ದರು, ಸೀಟಿ ಊದುತ್ತಿದ್ದರು, ಹಕ್ಕಿಗಳು ಹಾರಿಹೋಗುತ್ತಿದ್ದವು.

ಭಾನುವಾರ ಹರಿಹರ ಮುಟ್ಟಿದೆವು. “ಗುಡಿಗೆ ಈ ಬೀದಿ ಹತ್ರ” ಎಂದು ನಾನು ಎಡಕ್ಕೆ ತಿರುಗಿದೆ. “ಗುಡಿ ಆ ಕಡೆ ಉಳೀತಲ್ಲ?” ಎಂದರು ಮೇಷ್ಟ್ರು. ಕೇಳಿಸದವನಂತೆ ನಡೆದೆ. ದೂರದಲ್ಲಿ ನೀಲಿ ಬಾಗಿಲು ಕಂಡಿತು. ಜಗಲಿಯ ಮೇಲೆ ಬಿಳಿ ಪಂಚೆ ಕಂಡಿತು. ನನ್ನ ಮೊಣಕಾಲು ತಾನಾಗಿ ಮಡಚಿತು, ಕತ್ತು ಆಮೆಯಂತೆ ಮುಂದೆ ಬಂತು. “ಹಂ... ಹಂ...”

ಖಾದರ್ ಗಾಬರಿಯಾಗಿ ಓಡಿ ಬಂದ. “ಏನಾತೋ ಭಾಯ್? ಇಷ್ಟೊತ್ತು ಕುದುರೆ ಹಂಗೆ ಕುಣ್ಕೊಂಡು ಬಂದೆ, ಈಗ್ಯಾಕ ಹಿಂಗೆ ಬಗ್ಗೀಯ? ಹೊಟ್ಟಿ ನೋವಾ?”

“ಬಾಯಿ ಮುಚ್ಚೋ. ಹಂ...”

“ಮೇಷ್ಟ್ರೇ, ಇವ್ನಿಗೆ ಏನೋ ಆಗೈತೆ ನೋಡ್ರಿ!”

ಜಗಲಿಯ ಮೇಲಿನ ಪಂಚೆ ಎದ್ದು ನಿಂತಿತು. “ಯಾರದು? ದಾವಣಗೆರೆ ಹುಡುಗ ಅಲ್ಲೇನು?” ಮುರಿಗೆಪ್ಪನವರು ಮೆಟ್ಟಿಲಿಳಿದು ಬೀದಿಗೇ ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮುಖದಲ್ಲಿ ಮೆಚ್ಚುಗೆಯ ಬದಲು ಕನಿಕರ. “ಯಾಕಪಾ? ಗಂಟುಮೂಟೆ ಕಟ್ಕೊಂಡು ಹೊಂಟೀಯಲ್ಲ, ಮನಿ ಬಿಟ್ಟು ಬಂದೀಯಾ? ಸಾವ್ಕಾರ್ರು ಕೆಲಸದಿಂದ ತೆಗೆದ್ರಾ?”

ನಾನು ಬಾಯಿ ತೆರೆಯುವ ಮೊದಲು ಮೇಷ್ಟ್ರು ಮುಂದೆ ಬಂದು, ಇದು ಪಾದಯಾನವೆಂದೂ, ದೇಹಕ್ಕೂ ಮನಸ್ಸಿಗೂ ಹಿತವೆಂದೂ ಶುರುಮಾಡಿದರು.

“ಹರಕೆನಾ?” ಎಂದರು ಮುರಿಗೆಪ್ಪನವರು.

“ಹರಕೆ ಅಲ್ಲ.”

“ಬಸ್ಸು ತಪ್ಪಿತಾ?”

“ಇಲ್ಲ, ಬಸ್ಸಿಗೆ ಹೋಗಲೇ ಇಲ್ಲ.”

“ಮತ್ತೆ ಯಾಕ ನಡೆದ್ರಿ?”

ಎಷ್ಟೋ ದಿನ ತರಬೇತಿ ಪಡೆದ ಮೇಷ್ಟ್ರು ನನ್ನ ಮುಖ ನೋಡಿದರು. ಮುರಿಗೆಪ್ಪನವರ ಕಣ್ಣು ಅಷ್ಟರಲ್ಲಿ ನನ್ನ ಚೀಲದ ಮೇಲೆ ನಿಂತಿತ್ತು. “ಇಷ್ಟು ಭಾರ ಹೊತ್ಕೊಂಡು ಹೊಳಿ ದಂಡಿಗುಂಟ ಬಂದ್ಯಾ?” ಎಂದು ಕೇಳಿದರು. ದನಿ ಸ್ವಲ್ಪ ಬೇರೆಯಾಗಿತ್ತು. ನಮ್ಮ ಹಮಾಲರ ಪೈಕಿ ಎಲ್ಲರಿಗಿಂತ ಗಟ್ಟಿಯಾದವನ ಗಂಟಲನ್ನು ಎರವಲು ತಂದು, “ರೂಢಿ ಐತ್ರಿ” ಎಂದೆ. ರಾಣೆಬೆನ್ನೂರಿನ ಗಿರಣಿಯ ಸದ್ದು ನಿಧಾನವಾಗುತ್ತಿರುವುದು ನನಗೆ ಸ್ಪಷ್ಟವಾಗಿ ಕೇಳಿಸಿತು. ಇಷ್ಟಾಯಿತಲ್ಲ, ಇನ್ನು ಹೊರ‌ಟುಬಿಡಬೇಕು. “ಬರ್ತೀವ್ರಿ, ದೇವ್ರ ದರ್ಶನ ಆಗಬೇಕು” ಎಂದೆ.

“ದೇವ್ರು ಎಲ್ಲಿಗೂ ಹೋಗಲ್ಲ. ಮನಿ ಮುಂದೆ ಬಂದು ನೀರು ಕುಡೀದೆ ಹೋಗೋದು ಯಾವ ಪದ್ಧತಿ? ಬರ್ರಿ, ಕೂಡ್ರಿ. ಚೀಲ ಇಳಸಪಾ, ಬೆನ್ನು ಮುರಿದೀತು.”

ಬೇರೆ ದಾರಿಯಿರಲಿಲ್ಲ. ಜಗಲಿ ಹತ್ತಿ, ಕಂಬ ಹಿಡಿದು, ಕುಕ್ಕರುಗಾಲಲ್ಲಿ ಕೂತು, ಅಂಡಿಗೆ ಇಳಿಸುವವರು ಇಳಿಸುವ ಹಾಗೆ, ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಚೀಲವನ್ನು ನೆಲಕ್ಕೆ ಮುಟ್ಟಿಸಿದೆ. ನನ್ನ ಜನ್ಮದ ಅತ್ಯುತ್ತಮ ಅಣಕ ಅದು. ಚೀಲ ಬಾಗಿಲಿಗೆ ಅಡ್ಡವಾಗಿ ಕೂತಿತು. ಗಿರಿಜಾ ನೀರಿನ ಚೊಂಬು ಹಿಡಿದು ಒಳಗಿನಿಂದ ಬಂದವಳು ದಾಟಲಾಗದೆ ನಿಂತಳು. “ತಡಿಯವಾ” ಎಂದರು ತಂದೆ, “ಒಳಗಿನಿಂದ ಇಬ್ಬರು ಆಳು ಕರಿ, ಪಕ್ಕಕ್ಕೆ ಸರಿಸಲಿ.”

“ಇಬ್ಬರು ಯಾಕಪ್ಪಾಜಿ?” ಎಂದಳು. ಚೊಂಬು ಕೆಳಗಿಟ್ಟಳು. ಸೆರಗು ಸಿಕ್ಕಿಸಿದಳು. ನಾನು “ಬ್ಯಾಡ್ರೀ” ಎಂದು ಕೂಗಿದೆ. ಅದನ್ನು ಅವಳು ಕಾಳಜಿ ಎಂದುಕೊಂಡಿರಬೇಕು, ಇನ್ನೂ ಗಟ್ಟಿಯಾಗಿ ಹಿಡಿದಳು. ಕಾಲೂರಿ, ಉಸಿರು ಬಿಗಿಹಿಡಿದು, ಎರಡೂ ಕೈಯಿಂದ, ಬಾವಿಯಿಂದ ತುಂಬಿದ ಕೊಡ ಜಗ್ಗುವ ಹಾಗೆ ಜಗ್ಗಿದಳು.

ಚೀಲ ಹಾರಿ ಮೇಲಿನ ತೊಲೆಗೆ ಬಡಿಯಿತು. ಬಾಯಿ ಬಿಚ್ಚಿತು. ಆಮೇಲೆ ಬಹಳ ಹೊತ್ತು, ಸದ್ದಿಲ್ಲದೆ, ಮಂಡಕ್ಕಿ ಬೀಳುತ್ತಲೇ ಇತ್ತು. ಮೇಷ್ಟ್ರ ಟೋಪಿಯ ಮೇಲೆ, ನೀರಿನ ಚೊಂಬಿನೊಳಗೆ, ಮುರಿಗೆಪ್ಪನವರ ಹೆಗಲಿನ ಮೇಲೆ, ಮೀಸೆಯ ಮೇಲೆ. ಗುಬ್ಬಿಗಳಿಗೆ ಯಾರು ಸುದ್ದಿ ಮುಟ್ಟಿಸಿದರೋ, ಆಗಲೇ ಬಂದು ಕೂತವು. ಮೊದಲು ಬಾಯಿಬಿಟ್ಟವನು ಖಾದರ್: “ಹೊಲಿಗೆ ಗಟ್ಟಿ ಐತ್ರಿ, ನೋಡ್ರಿ ಬೇಕಾರೆ. ಬಾಯಿ ಕಟ್ಟಿದೋನು ಇವ್ನು.”

ಮುರಿಗೆಪ್ಪನವರು ಮೀಸೆಯಿಂದ ಒಂದು ಮಂಡಕ್ಕಿ ತೆಗೆದು, ಬೆರಳಲ್ಲಿಟ್ಟುಕೊಂಡು ನೋಡಿದರು. “ಅಹ್ಹಾ...” ಎಂದರು. ದೇವರಾಣೆಗೂ ನಾನು ಬೇಕೆಂದು ಮಾಡಲಿಲ್ಲ. ಭಯದಲ್ಲಿ ಕೆಲವರಿಗೆ ಬಿಕ್ಕಳಿಕೆ ಬರುತ್ತದೆ, ಕೆಲವರಿಗೆ ಬೆವರು ಬರುತ್ತದೆ. ನನಗೆ ಎದುರಿಗಿರುವವರು ಬರುತ್ತಾರೆ. ಅವರ ಕೆಮ್ಮಿನ ಮೊದಲ ತುಂಡು ಮೇಲೇರಿ ನಿಂತಿತ್ತು, ಎರಡನೆಯ ತುಂಡು ನನ್ನ ಗಂಟಲಿನಿಂದ ಬಂತು. “...ಹ್ಹುಂ.”

ಮುರಿಗೆಪ್ಪನವರು ಮುಗಿಸಲು ಕೆಮ್ಮೇ ಉಳಿದಿಲ್ಲದೆ ಬಾಯಿ ತೆರೆದು ನಿಂತಿದ್ದರು. ಆಮೇಲೆ ಮಗಳ ಕಡೆ ತಿರುಗಿದರು. “ನೋಡಿದ್ಯೇನವಾ? ಸಂಸಾರದ ಭಾರ ಹೊರ್ತಾನಾ ಅಂತ ನಾ ಕೇಳಿದ್ದಕ್ಕೆ ಇವ್ನು ಹೊತ್ಕೊಂಡು ಬಂದ ಉತ್ತರ ಇದು. ನಾಳೇನೇ ರಾಣೆಬೆನ್ನೂರಿಗೆ ಹೇಳಿ ಕಳಿಸ್ತೀನಿ.”

ಗಿರಿಜಾ ಬರಿದಾದ ಚೀಲವನ್ನು ಒಂದೇ ಬೆರಳಿಗೆ ತೂಗುಹಾಕಿಕೊಂಡು ನಿಂತಿದ್ದಳು. ತುಟಿ ಕಚ್ಚಿ ನಗು ತಡೆಯಲು ನೋಡಿದಳು, ಆಗಲಿಲ್ಲ. ಮೊದಲ ಸಲ ಉಪ್ಪಿಟ್ಟಿನ ತಟ್ಟೆಯ ಮೇಲಿಂದ ನೋಡಿದ ಹಾಗೆಯೇ ತಲೆ ಎತ್ತಿ ನೇರವಾಗಿ ನನ್ನನ್ನು ನೋಡಿದಳು. ಕಟ್ಟೆಯ ಮೆಟ್ಟಿಲಲ್ಲಿ ದುರ್ಗ ಹತ್ತಿಸಿದವನು, ಬೀಗಿತ್ತಿಯಾಗಿ ಮೂಗೆಳೆದವನು, ಎಲ್ಲರ ದಾರಿಗೂ ಕಲ್ಲು ಹಾಕಿ ಇಲ್ಲಿ ತನಕ ಬಂದವನು, ಮಂಡಕ್ಕಿಯ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದೆ, ಆಡಲು ಯಾರ ದನಿಯೂ ಗಂಟಲಲ್ಲಿ ಉಳಿದಿರಲಿಲ್ಲ. ಅವಳು ತಂದೆಯ ಕಡೆ ತಿರುಗಿ, ನಾಲ್ಕು ಮನೆಗೆ ಕೇಳಿಸುವಂತೆ ಹೇಳಿದಳು:

“ಯಾಕಪ್ಪಾಜಿ ರಾಣೆಬೆನ್ನೂರು? ಈ ಚೀಲ ನಾನೇ ಹೊರ್ತೀನಿ, ಹೊತ್ಕೊಂಡು ಬಂದೋರನ್ನೂ ನಾನೇ ಹೊರ್ತೀನಿ. ಹೂಂ ಅಂದ್ಬಿಡ್ರಿ.”